ತ್ರಿಪುರನಾಥ ವಕೀಲನ ಗಲ್ಲು

"ಗವಿಗಿರಿಯ ಪ್ರಜೆಗಳೆಲ್ಲ ಕೇಳಿರಿ! ಮೋಸಗಾರ ವಕೀಲ ತ್ರಿಪುರನಾಥನನ್ನು ನಾಳೆ ಬೆಳಿಗ್ಗೆ ಗಲ್ಲಿಗೇರಿಸಲಾಗುವುದು. ಅದಕ್ಕೆ ಮುಂಚೆ ದೊರೆ ಭೈರವೇಂದ್ರರು ಅವನ ಬಗ್ಗೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಡಂಗುರದವನು ಹೀಗೆ ಸಾರಿದಾಗ, ಕೋಟೆ ಬಾಗಿಲಲ್ಲಿ ಮಂಡಕ್ಕಿ ಮಾರುತ್ತಿದ್ದ ದುರುಗಮ್ಮ ಎದುರಿಗಿದ್ದ ಗಿರಾಕಿಯನ್ನೂ ಮರೆತು ಎದ್ದು ನಿಂತಳು. ಯಾಕೆಂದರೆ ತ್ರಿಪುರನಾಥ ಎಂಬ ವಕೀಲನೇ ಇರಲಿಲ್ಲ. ಅವನು ಟೀವಿ ಧಾರಾವಾಹಿಯ ಒಂದು ಪಾತ್ರ. ಆ ಪಾತ್ರ ಮಾಡಿದವನು ದುರುಗಮ್ಮನ ಅಣ್ಣ ಓಬಳೇಶ. ಈಗ ಸೆರೆಮನೆಯಲ್ಲಿ ಇದ್ದವನೂ ಅವನೇ.

ಇದು ಹೇಗಾಯಿತೆಂದು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಧಾರಾವಾಹಿಯ ತ್ರಿಪುರನಾಥ ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ವಕೀಲಿ ಶುರು ಮಾಡಿದವನು. ಸಾಕ್ಷಿಗಳನ್ನು ಬಚ್ಚಿಟ್ಟು, ಉಯಿಲುಗಳನ್ನು ತಿದ್ದಿ, ವಿಧವೆಯರನ್ನು ಹೆದರಿಸಿ ದೊಡ್ಡ ಮಹಡಿ ಮನೆ ಕಟ್ಟಿಸಿದ. ಎಷ್ಟು ಸುಳ್ಳು ಹೇಳಿದರೂ ಕೋರ್ಟು ನಂಬುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ, ತಪ್ಪೇ ಮಾಡದ ಅವನ ಮಗನ ಮೇಲೆ ಕೊಲೆಯ ಆರೋಪ ಬಂತು. ತ್ರಿಪುರನಾಥ ಮಗನಿಗಾಗಿ ಮೊದಲ ಸಲ ನಿಜ ಹೇಳಿದ. ಯಾರೂ ನಂಬಲಿಲ್ಲ. ಹಳೆಯ ಮೋಸಗಳೆಲ್ಲ ಹೊರಬಿದ್ದು, ಟೀವಿಯ ನ್ಯಾಯಾಧೀಶರು ಅವನಿಗೆ ಗಲ್ಲು ವಿಧಿಸಿದರು. ಅಲ್ಲಿಗೆ ಧಾರಾವಾಹಿ ಮುಗಿಯಿತು.

ಆದರೆ ಗವಿಗಿರಿಯಲ್ಲಿ ಒಂದು ಕಟ್ಟಳೆ ಇತ್ತು. ದೊರೆಯ ಕಿವಿಗೆ ಬಿದ್ದ ತೀರ್ಪು ನಡೆಯಲೇಬೇಕು. ದೊರೆ ಆ ಕೊನೆಯ ಕಂತನ್ನು ನೋಡುತ್ತಿದ್ದರು. ತೀರ್ಪು ಕಿವಿಗೆ ಬಿತ್ತು. ಸಿಟ್ಟಾಗಿದ್ದ ಜನ ಓಬಳೇಶನನ್ನು ವೇಷದ ಕರಿಕೋಟಿನ ಸಮೇತ ಹಿಡಿದು ತಂದರು.

"ನಾನು ವಕೀಲನಲ್ಲ, ಓಬಳೇಶ!" ಎಂದು ಅವನು ಅತ್ತರೆ ಕಾವಲುಗಾರರು, "ಆಹಾ, ಏನು ಅಭಿನಯ ಸ್ವಾಮಿ!" ಎಂದು ನಕ್ಕರು.

ದುರುಗಮ್ಮ ಅರಮನೆಗೆ ಓಡಿದಳು. ಅಲ್ಲಿ ಅವಳಿಗಿಂತ ಮುಂಚೆ ಇಬ್ಬರು ನಿಂತಿದ್ದರು. ಒಬ್ಬ ಜವಳಿ ವ್ಯಾಪಾರಿ ಪಂಪಣ್ಣ, ಇನ್ನೊಬ್ಬ ಆಸ್ಥಾನದ ವಕೀಲ ಶ್ರೀಕಂಠಯ್ಯ. ಇಬ್ಬರಿಗೂ ಬಹುಮಾನವಾಗಿ ಬೇಕಾಗಿದ್ದು ಕೆರೆಯ ಕೆಳಗಿನ ಅರಮನೆಯ ಗದ್ದೆ.

"ಏನಮ್ಮಾ, ಉತ್ತರಕ್ಕೂ ಖಾರ ಹಚ್ಚಿ ಕೊಡ್ತೀಯಾ?" ಎಂದ ಪಂಪಣ್ಣ.

"ನಿಮ್ಮ ತಲೆ ಉಳಿದರೆ ಕೊಡ್ತೀನಿ, ಸಾಹುಕಾರ್ರೇ" ಎಂದಳು.

ದೊರೆ ಮೊದಲ ಒಗಟು ಕೇಳಿದರು: "ತ್ರಿಪುರನಾಥ ತನ್ನ ಬಳಿ ಬಂದವರಿಂದ ಒಂದನ್ನು ತೆಗೆದುಹಾಕುತ್ತೇನೆ ಎನ್ನುತ್ತಿದ್ದ. ಹಾಗೆ ಹೇಳಿದಷ್ಟೂ ಅದು ಅವರಲ್ಲಿ ಬೆಳೆಯುತ್ತಿತ್ತು. ಅದು ಬೆಳೆದಷ್ಟೂ ಇವನ ಮನೆಗೆ ಮಹಡಿ ಏರುತ್ತಿತ್ತು. ಏನದು?"

"ಸಾಲ!" ಎಂದ ಪಂಪಣ್ಣ.

"ಸಾಲವಿಲ್ಲದವರೂ ಅವನ ಬಳಿ ಹೋಗಿದ್ದರು" ಎಂದರು ದೊರೆ. ಭಟರು ಪಂಪಣ್ಣನ ರೆಟ್ಟೆ ಹಿಡಿದರು.

ಶ್ರೀಕಂಠಯ್ಯ ಗಂಟಲು ಸರಿಮಾಡಿಕೊಂಡು, "ಜಗಳ, ಮಹಾಸ್ವಾಮಿ" ಎಂದ.

"ಯಾರೊಂದಿಗೂ ಜಗಳವಾಡದ ವಿಧವೆಯರೂ ಹೋಗಿದ್ದರು." ಅವನನ್ನೂ ಎಳೆದೊಯ್ದರು. "ಅಯ್ಯೋ, ಇನ್ನೊಂದು ಅವಕಾಶ ಕೊಡಿ!" ಎಂಬ ಅವನ ಕೂಗು ಸೆರೆಮನೆಯ ಬಾಗಿಲು ಮುಚ್ಚುವವರೆಗೂ ಕೇಳುತ್ತಿತ್ತು.

ಈಗ ದುರುಗಮ್ಮನ ಸರದಿ. ಅವಳ ಮುಖ ನೋಡಿ ಪಕ್ಕದ ಭಟನಿಗೆ ಕನಿಕರವಾಯಿತು. "ಹೆದರಬೇಡ ತಾಯಿ" ಎಂದ. ಅಷ್ಟು ಕೇಳಿದ್ದೇ ತಡ, ಅವಳ ಎದೆ ಮೊದಲಿಗಿಂತ ಜೋರಾಗಿ ಹೊಡೆದುಕೊಳ್ಳತೊಡಗಿತು.

"ಭಯ, ಒಡೆಯಾ" ಎಂದಳು. "ಹೆದರಬೇಡಿ, ನಾನಿದ್ದೀನಿ ಅಂತ ಅವನು ಹೇಳಿದಾಗಲೇ ಜನಕ್ಕೆ ಹೆದರಬೇಕಾದ್ದು ಏನೋ ಇದೆ ಅಂತ ಗೊತ್ತಾಗ್ತಿತ್ತು. ಹೆದರಿದವರು ಕೈಲಿದ್ದದ್ದನ್ನೆಲ್ಲ ಕೊಟ್ಟುಬಿಡ್ತಾರೆ."

ದೊರೆ ಮುಂದಕ್ಕೆ ಬಾಗಿ ಎರಡನೆಯದನ್ನು ಕೇಳಿದರು. "ಅವನನ್ನು ಮೇಲಕ್ಕೆ ಎತ್ತಿದ್ದು ಯಾವುದೋ ಅದೇ ಕೆಳಕ್ಕೂ ಬೀಳಿಸಿತು. ಅದು ಎಂದೂ ಬದಲಾಗಲಿಲ್ಲ. ಯಾವುದು?"

"ಅವನ ದನಿ" ಎಂದಳು ದುರುಗಮ್ಮ. ಈ ಸಲ ಅವಳಿಗೆ ಅಳು ಬಂತು. "ಸುಳ್ಳನ್ನು ಹೇಳಿದ ಗಂಟಲಲ್ಲೇ ನಿಜವನ್ನೂ ಹೇಳಿದ. ಎರಡೂ ಒಂದೇ ಥರ ಕೇಳಿಸಿತು. ಮಗನಿಗಾಗಿ ಬೇರೆ ದನಿ ಎಲ್ಲಿಂದ ತರ್ತಾನೆ? ನನ್ನಣ್ಣ ಒಳಗೆ ಕೂಗ್ತಾ ಇದ್ದಾನೆ, ಒಡೆಯಾ. ಅವನಿಗೂ ಅದೇ ಗತಿ ಆಗಿದೆ."

ದೊರೆ ತಲೆದೂಗಿ ಮೂರನೆಯದನ್ನು ಕೇಳಿದರು: "ಹುಟ್ಟದೆ ಬಾಳಿದವನಿಗೆ ಗಲ್ಲು ಆಗಿದೆ. ನನ್ನ ಕಿವಿಗೆ ಬಿದ್ದ ತೀರ್ಪು ನಿಲ್ಲುವಂತಿಲ್ಲ. ಹಾಗಾದರೆ ನಾಳೆ ಹಗ್ಗದಲ್ಲಿ ತೂಗಬೇಕಾದವನು ಯಾರು?"

ಇದೇ ಕೊನೆಯ ಒಗಟು. ಓಬಳೇಶ ಎಂದರೆ ಅಣ್ಣ ಸಾಯುತ್ತಾನೆ. ಯಾರೂ ಅಲ್ಲ ಎಂದರೆ ಕಟ್ಟಳೆ ಮುರಿಯುತ್ತದೆ, ಇವಳ ತಲೆ ಹೋಗುತ್ತದೆ. ದುರುಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಯೋಚಿಸಿದಳು.

"ನನ್ನಣ್ಣ ಮನೇಲಿ ಲುಂಗಿ ಉಟ್ಕೊಂಡು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದ. ಆಗ ಯಾರೂ ಅವನನ್ನು ವಕೀಲ ಅನ್ನಲಿಲ್ಲ. ಕರಿಕೋಟು ಹಾಕಿದ ಮೇಲೆ ಅಂದರು. ತ್ರಿಪುರನಾಥ ಅನ್ನೋನು ಆ ಕೋಟಿನಲ್ಲಿ ಮಾತ್ರ ಇದ್ದ, ಒಡೆಯಾ. ಕೋಟನ್ನು ಗಲ್ಲಿಗೆ ಹಾಕಿ. ತೀರ್ಪೂ ನಡೀತದೆ, ತಪ್ಪು ಮಾಡದವನೂ ಉಳೀತಾನೆ."

ದೊರೆ ಕಣ್ಣು ಮುಚ್ಚಿದರು. "ಈ ಉತ್ತರವನ್ನು ಯಾರಾದರೂ ಹೇಳಲಿ ಎಂದೇ ಡಂಗುರ ಹೊಡೆಸಿದೆ, ಮಗಳೇ. ಏನು ಬೇಕು ಕೇಳು."

"ನನ್ನಣ್ಣ ಬೇಕು. ಆ ಇಬ್ಬರ ತಲೆಯೂ ಉಳೀಲಿ."

ಬೆಳಿಗ್ಗೆ ಕೋಟೆಯ ಮುಂದೆ ಕರಿಕೋಟನ್ನು ನೇಣಿಗೆ ಹಾಕಿದರು. ಗಾಳಿ ಬೀಸಿದಾಗ ಅದರ ತೋಳುಗಳು ಆಡಿದವು. ಪಂಪಣ್ಣ, ಶ್ರೀಕಂಠಯ್ಯ ಹಿಂದೆ ನೋಡದೆ ಮನೆಗೆ ಹೋದರು. ಕೆರೆಯ ಕೆಳಗಿನ ಗದ್ದೆಯನ್ನು ದೊರೆ, ಕೇಳದಿದ್ದರೂ, ದುರುಗಮ್ಮನಿಗೇ ಕೊಟ್ಟರು.

ಓಬಳೇಶ ಬರಿ ಬನಿಯನ್ನಿನಲ್ಲಿ ಹೊರಗೆ ಬಂದ. ತಂಗಿಯ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಒಬ್ಬ ಮುದುಕಿ ಅಡ್ಡ ಬಂದಳು. ಅವಳ ಮನೆಯನ್ನು ಮೈದುನರು ಕಿತ್ತುಕೊಂಡಿದ್ದರಂತೆ.

"ನನ್ನ ಕೇಸು ನೀವೇ ನಡೆಸಬೇಕು, ವಕೀಲಪ್ಪಾ."

"ಅಮ್ಮಾ, ನಾನು ವಕೀಲನಲ್ಲ. ನಿಮ್ಮಾಣೆಗೂ ಅಲ್ಲ" ಎಂದ ಓಬಳೇಶ.

ಮುದುಕಿಯ ಮುಖ ಅರಳಿತು. "ಎಷ್ಟು ಚೆನ್ನಾಗಿ ಹೇಳ್ತೀರಿ ಸುಳ್ಳು! ಅದಕ್ಕೇ ನೀವೇ ಬೇಕು ನನಗೆ" ಎಂದು ಅವನ ಕಾಲು ಹಿಡಿದುಕೊಂಡಳು.