ಓತಿಕ್ಯಾತ ಸಾರಿದ ನೂರು ಗೂಡು

ಒಣ ಬಯಲಿನ ಜಾಲಿಮರದಲ್ಲಿ ಗೀಜಗ ಅರ್ಧ ಗೂಡು ನೇಯ್ದು, ಹೆಣ್ಣುಹಕ್ಕಿ ಬಂದು ಒಪ್ಪಲೆಂದು ಎಂದಿನಂತೆ ಕಾಯುತ್ತಿದ್ದ. ಆಗ ಓತಿಕ್ಯಾತ ಬೇಲಿಯ ಕಲ್ಲು ಹತ್ತಿ ಸಾರಿದ: "ಮಹಾಜನರೇ, ನನ್ನ ಮಾತಿಗೆ ಬೆಲೆಕೊಟ್ಟು ಗೀಜಗ ಕೆರೆ ಬಿಟ್ಟು ಇಲ್ಲಿಗೆ ಬಂದಿದ್ದಾನೆ. ಇನ್ನು ನಮ್ಮಲ್ಲೇ ನೂರು ಗೂಡು!"

ಅಳಿಲುಗಳು ಜೈಕಾರ ಹಾಕಿದವು.

"ನೂರು ಅಂತ ನಾನು ಯಾವಾಗ ಹೇಳಿದೆ, ಅಣ್ಣಾ?" ಗೀಜಗ ಗಾಬರಿಯಾದ. "ಒಂದಕ್ಕೇ ಇನ್ನೂ ಒಪ್ಪಿಗೆ ಸಿಕ್ಕಿಲ್ಲ."

"ನಾನು ಹೇಳಿದ್ದೇನಲ್ಲ, ಸಾಕು!"

ಅಷ್ಟರಲ್ಲಿ ಹೆಣ್ಣುಹಕ್ಕಿ ಬಂದು, ಗೂಡನ್ನು ಜಗ್ಗಿ ನೋಡಿ, ಕೆಳಗೆ ಇಣುಕಿದಳು. "ನೇಯ್ಗೆ ಚೆನ್ನಾಗಿದೆ. ಆದರೆ ಕೆಳಗೆ ನೀರಿಲ್ಲವಲ್ಲ, ಹಾವು ಹತ್ತಿದರೆ?"

ಓತಿಕ್ಯಾತ ತಲೆಯಾಡಿಸಿದ. "ಹಾವಿನ ಜೊತೆಯೂ ಮಾತಾಡಿದ್ದೇನೆ, ತಂಗಿ."

"ಮೊಟ್ಟೆ ಇಡುವವಳು ನಾನು, ಅಣ್ಣ," ಎಂದು ಅವಳು ನಗುತ್ತ ಕೆರೆಯತ್ತ ಹಾರಿದಳು. ಗೀಜಗನೂ ಹಿಂದೆಯೇ ಹಾರಿದ.

ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಬಾಗಿದ ಕೊಂಬೆಗೆ ಹುಲ್ಲಿನ ಮೊದಲ ಗಂಟು ಬಿದ್ದಿತ್ತು.