ಬೂಷ್ಟು ಹಿಡಿದ ದೋಣಿ

ಹೊನ್ನಾವರದ ಪುಂಡಲೀಕರಾಯರು ಮಳೆಗಾಲವಿಡೀ ಮುಚ್ಚಿಟ್ಟಿದ್ದ ತಮ್ಮ ವಿಹಾರದ ದೋಣಿಯ ಬಾಗಿಲು ತೆರೆದರೆ ಒಳಗೆಲ್ಲ ಬೂಷ್ಟು. ಅಂದೇ ಸಂಜೆ ಬೀಗರು ಬರುವವರಿದ್ದರು.

"ಒಂದು ಕಲೆ ಉಳಿದರೂ ನಾಳೆಯಿಂದ ನಿನಗೆ ಕೆಲಸವಿಲ್ಲ," ಎಂದು ಅಂಬಿಗ ಸುಕ್ರುವನ್ನು ಗದರಿದರು. "ಕಿಟಕಿ ಮಾತ್ರ ತೆರೆಯಬೇಡ. ಬಿಸಿಲಿಗೆ ಮೆತ್ತೆಯ ಬಣ್ಣ ಹೋಗುತ್ತದೆ."

ಗಾಳಿಬೆಳಕಿಲ್ಲದೆ ಬೂಷ್ಟು ಹೋಗುವುದುಂಟೇ? ಸುಕ್ರು ಒರೆಸಿದಷ್ಟೂ ಕಲೆ ಹರಡಿತು. ಹೊತ್ತು ಏರುತ್ತಿತ್ತು. ನಿಂತಲ್ಲಿ ನಿಲ್ಲಲಾಗದೆ ಒಳಗೂ ಹೊರಗೂ ತಿರುಗಾಡಿದ. ಕೊನೆಗೆ ರಾಯರ ಮುಂದೆ ಕೈಮುಗಿದ.

"ಒಡೆಯಾ, ಈ ಕತ್ತಲಲ್ಲಿ ಕಲೆ ಯಾವುದು, ಮರದ ಗೆರೆ ಯಾವುದು ತಿಳಿಯುವುದಿಲ್ಲ. ತಾವೇ ಕೂತು ತೋರಿಸಬೇಕು."

ರಾಯರು ಗತ್ತಿನಿಂದ ಒಳಗೆ ಕೂತರು. ಸುಕ್ರು ಮೆತ್ತೆಗೆ ಬಿಸಿಲು ತಾಗದಂತೆ ಬಾಗಿಲೆಳೆದು, ಒಣ ಪೊರಕೆಯಿಂದ ಚಾವಣಿ ತಿಕ್ಕಿದ. ಬೂಷ್ಟಿನ ಪುಡಿ ನೇರ ರಾಯರ ಮೂಗಿಗೆ ಇಳಿಯಿತು. ಸೀನಿನ ಮೇಲೆ ಸೀನು. ಕನ್ನಡಕ ಹಾರಿತು. ರಾಯರು ಕಿಟಕಿ ದಬ್ಬಿ ತಲೆ ಹೊರಹಾಕಿದರು.

"ಅಯ್ಯೋ ಒಡೆಯಾ, ಮೆತ್ತೆ!"

"ಮೆತ್ತೆ ಹಾಳಾಗಲಿ! ಎಲ್ಲ ಕಿಟಕಿ ತೆರೆಯೋ!"

ಆಮೇಲೆ ಸುಕ್ರು ವಿನೆಗರ್ ನೀರಿನಲ್ಲಿ ಹಲಗೆಗಳನ್ನು ಉಜ್ಜಿ, ಬಿಸಿಲಿಗೆ ಒಣಗಿಸಿದ.

ಸಂಜೆ ಬೀಗರು ದೋಣಿಯೊಳಗಿನ ತಂಗಾಳಿಯನ್ನು ಹೊಗಳಿದರು.

"ಕಿಟಕಿ ತೆರೆಸಿದ್ದು ನಾನೇ," ಎಂದರು ರಾಯರು.

"ಹೌದು ಒಡೆಯಾ," ಎಂದ ಹುಟ್ಟು ಹಾಕುತ್ತಿದ್ದ ಸುಕ್ರು. "ಊರಿಗೆಲ್ಲ ಕೇಳುವಂತೆ ಹೇಳಿದಿರಿ."