ಸದಸ್ಯರು ಎತ್ತಿದ ಕಸ

ಪ್ರತಿ ಭಾನುವಾರ ಹೊಳೆ ಶುಚಿ ಮಾಡುವ ಊರವರ ಗುಂಪು ಅಂದಿನ ಕಸವೆಲ್ಲ ಎತ್ತಿ, ಚೀಲಕ್ಕೆ ತುಂಬಿ, ಚಿತ್ರಾನ್ನಕ್ಕೆ ಕೂತ ಮೇಲೆ ಪುರಸಭೆ ಸದಸ್ಯ ಮರಿಬಸಪ್ಪನವರ ಕಾರು ಬಂತು. ಗರಿಗರಿ ಬಿಳಿ ಅಂಗಿ, ಹಿಂದೆ ಪತ್ರಿಕೆಯ ಫೋಟೋದವನು.

"ಕಸವೇ ಇಲ್ಲವಲ್ಲ, ನಾನೇನು ಎತ್ತಲಿ?" ಸದಸ್ಯರು ಸಿಡುಕಿದರು. "ಸ್ವಲ್ಪ ವಾಪಸ್ ಹಾಕಿ. ಫೋಟೋ ಆಗದಿದ್ದರೆ ಈ ಚೀಲ ಸಾಗಿಸೋಕೆ ಪುರಸಭೆ ಟ್ರ್ಯಾಕ್ಟರ್ ಬರಲ್ಲ, ನೋಡಿ."

ಎಲ್ಲರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇಸ್ತ್ರಿ ಅಂಗಡಿಯ ಪುಟ್ಟತಾಯಮ್ಮನಿಗೆ ಮಾತ್ರ ಒಳಗೊಳಗೇ ನಗು. ಯಾವ ಚೀಲದಲ್ಲಿ ಏನಿದೆ ಅಂತ ತುಂಬಿದವಳಿಗೆ ಗೊತ್ತು.

"ಅದಕ್ಕೇನಂತೆ ಸಾರ್. ನಾನೇ ಇಸ್ತ್ರಿ ಹಾಕಿದ ಅಂಗಿ, ಕಲೆ ಆಗದಂಥ ಕಸ ಇಡ್ತೀನಿ" ಅಂದಳು. ಒಂದು ಚೀಲದಿಂದ ಸುರುಳಿ ಸುತ್ತಿದ ದೊಡ್ಡ ಹಾಳೆ ತೆಗೆದು ದಡದ ನೀರಲ್ಲಿ ಮೆಲ್ಲಗೆ ಇಟ್ಟಳು.

ಸದಸ್ಯರು ಪಂಚೆ ಎತ್ತಿಕಟ್ಟಿ, ಕ್ಯಾಮೆರಾ ಕಡೆ ನಗುತ್ತಾ, ಎರಡೂ ಕೈಯಲ್ಲಿ ಅದನ್ನು ಎತ್ತಿದರು. ಸುರುಳಿ ಸರ್ರನೆ ಬಿಚ್ಚಿಕೊಂಡಿತು. ಅವರದೇ ಹುಟ್ಟುಹಬ್ಬದ ಫ್ಲೆಕ್ಸ್. ಅದರಲ್ಲಿ ಆಳೆತ್ತರದ ಮರಿಬಸಪ್ಪನವರು ಮೀಸೆಗೆ ಪಾಚಿ ಮೆತ್ತಿಕೊಂಡು ಕೈಮುಗಿದು ನಿಂತಿದ್ದರು. ಕ್ಯಾಮೆರಾ ಕ್ಲಿಕ್ ಅಂದಿತು.

"ಇದನ್ನ ಹೊಳೆಗೆ ಹಾಕಿದ್ದು ಯಾರು?"

"ಮೊದಲು ಯಾರು ಹಾಕಿದ್ದೋ ಗೊತ್ತಿಲ್ಲ ಸಾರ್. ಈಗ ನೀವು ಹೇಳಿದ್ದಕ್ಕೆ ನಾನು ಹಾಕಿದೆ" ಅಂದಳು ಪುಟ್ಟತಾಯಮ್ಮ. "ಇದು ಬೇಡ ಅಂದ್ರೆ ಬೇರೆ ಇಡ್ತೀನಿ. ನೀವು ಫೋನಲ್ಲಿ ಮಾತಾಡ್ತಿರೋದು, ಕೂಲಿಂಗ್ ಗ್ಲಾಸ್ ಹಾಕಿರೋದು, ಎಲ್ಲಾ ಚೀಲದಲ್ಲಿವೆ."

ಸದಸ್ಯರು ಆಗಲೇ ಟ್ರ್ಯಾಕ್ಟರಿಗೆ ಫೋನ್ ಮಾಡಿದರು. ಅದು ಬಂದದ್ದೇ ತಡ, ಚೀಲಗಳ ಬಾಯಿ ಬಿಗಿದು ಕಟ್ಟಿ, ಬಿಳಿ ಅಂಗಿಯ ಗೊಡವೆ ಬಿಟ್ಟು, ತಾವೇ ಹೊತ್ತು ಹೊತ್ತು ತುಂಬಿದರು.

ಫೋಟೋದವನು ಕ್ಯಾಮೆರಾ ಎತ್ತಿದ.

"ಈಗ ಬೇಡಪ್ಪ" ಅಂದರು ಸದಸ್ಯರು.